ಲ್ವಾರ್ ದಂಡೆಯಿಂದ ಪ್ಯಾರಿಸ್‌ಗೆ ಸೈಕಲ್ಲಿನಲ್ಲಿ



ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್. ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು ಹರಿದು ಅಟ್ಲಾಂಟಿಕ್ ಸಾಗರ ಸೇರುತ್ತದೆ. ಈ ನದಿಯ ಜೊತೆಜೊತೆಗೇ ಸುಮಾರು 900 ಕಿಲೋಮೀಟರು ಉದ್ದದ ಸೈಕಲ್ ದಾರಿಯೊಂದಿದೆ. 'ಲ್ವಾರ್ ಆ ವೆಲೋ' ಎಂದು ಅದರ ಹೆಸರು. ದಾರಿಯುದ್ದಕ್ಕೂ ಗುರುತಿನ ಫಲಕಗಳಿವೆ. ಅರಮನೆಗಳು, ದ್ರಾಕ್ಷಿತೋಟಗಳು, ಬಿಳಿಗಲ್ಲಿನ ಹಳ್ಳಿಗಳು ಒಂದಾದ ಮೇಲೊಂದು ಎದುರಾಗುತ್ತವೆ. ಈ ಕಣಿವೆಯ ಒಂದು ಭಾಗವನ್ನು 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಕೆಲವು ದಿನ ಸೈಕಲ್ ತುಳಿದು ಕೊನೆಗೆ ಪ್ಯಾರಿಸ್ ಮುಟ್ಟುವ ಪ್ರವಾಸವನ್ನು ಹೇಗೆ ಯೋಜಿಸಬೇಕು ಎಂಬುದೇ ಇಂದಿನ ಮಾತು.

ಮೊದಲು ದಿಕ್ಕಿನ ವಿಚಾರ. ನದಿ ಪಡುವಣಕ್ಕೆ ಹರಿಯುತ್ತದೆ. ಹಾಗಾಗಿ ಹೆಚ್ಚಿನವರು ನೀರಿನ ಜೊತೆ ಪಡುವಣಕ್ಕೇ ಹೊರಡುತ್ತಾರೆ. ನೀವು ಮೂಡಣಕ್ಕೆ ಹೋಗಿ ಎಂಬುದು ನನ್ನ ಸಲಹೆ. ಇಲ್ಲಿ ಗಾಳಿ ಹೆಚ್ಚಾಗಿ ಸಾಗರದ ಕಡೆಯಿಂದ, ಅಂದರೆ ಪಡುವಣದಿಂದ ಬೀಸುತ್ತದೆ. ಬಯಲು ನಾಡಿನಲ್ಲಿ ಸೈಕಲ್ ಸವಾರನಿಗೆ ಎದುರುಗಾಳಿಯಷ್ಟು ದಣಿವು ತರುವುದು ಬೇರೊಂದಿಲ್ಲ. ಏರು ಹತ್ತಬೇಕಾದೀತೆ ಎಂದರೆ, ನಾನು ಹೇಳುತ್ತಿರುವ ದಾರಿಯಲ್ಲಿ, ಅಂದರೆ ಸೊಮ್ಯುರ್ ಪಟ್ಟಣದಿಂದ ಓರ್ಲೆಯಾಂ ನಗರದ ತನಕದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ನದೀಪಾತ್ರ ಏರುವುದು ನೂರು ಮೀಟರಿಗಿಂತ ಕಡಿಮೆ. ಕಾಲಿಗೆ ಅದು ತಿಳಿಯುವುದೂ ಇಲ್ಲ. ಓರ್ಲೆಯಾಂ ತಲುಪಿದರೆ ಅಲ್ಲಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಒಂದು ಗಂಟೆಯ ಹಾದಿ. ಗಾಳಿಯೂ ರೈಲೂ ಒಂದೇ ಕಡೆಗೆ ಕರೆಯುತ್ತಿರುವಾಗ ಬೇರೆ ಕಡೆಗೆ ಏಕೆ ಹೋಗಬೇಕು?

ಚರಿತ್ರೆಯೂ ಆ ಕಡೆಗೇ ಸಾಗಿದೆ. ನೂರು ವರ್ಷಗಳ ಯುದ್ಧದ ಕಾಲದಲ್ಲಿ ಪ್ಯಾರಿಸ್ ಇಂಗ್ಲಿಷರ ಕೈಯಲ್ಲಿತ್ತು. ಏಳನೆಯ ಚಾರ್ಲ್ಸ್ ದೊರೆಗೆ ಆಸರೆಯಾದದ್ದು ಈ ಲ್ವಾರ್ ಸೀಮೆ. ಜೋನ್ ಆಫ್ ಆರ್ಕ್ ಎಂಬ ಹಳ್ಳಿಯ ಹುಡುಗಿ 1429ರಲ್ಲಿ ಅವನನ್ನು ಕಂಡದ್ದು ಸೊಮ್ಯುರಿಗೆ ಹತ್ತಿರದ ಶಿನೋನ್ ಕೋಟೆಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಓರ್ಲೆಯಾಂಗೆ ಇಂಗ್ಲಿಷರು ಹಾಕಿದ್ದ ಮುತ್ತಿಗೆ ತೆರವಾಯಿತು. ಯುದ್ಧ ಮುಗಿದ ಮೇಲೂ ದೊರೆಗಳಿಗೆ ಈ ಸೀಮೆಯ ಮೋಹ ಬಿಡಲಿಲ್ಲ. ಕೊನೆಗೆ 1528ರಲ್ಲಿ ಒಂದನೆಯ ಫ್ರಾನ್ಸ್ವಾ ದೊರೆ ಇನ್ನು ಮುಂದೆ ಪ್ಯಾರಿಸ್ಸಿನ ಆಸುಪಾಸಿನಲ್ಲೇ ಇರುವುದಾಗಿ ಸಾರಿದ. ಸೊಮ್ಯುರಿನಿಂದ ಪ್ಯಾರಿಸ್‌ಗೆ ಹೊರಟರೆ ನೀವು ಹೋಗುವುದು ಆಸ್ಥಾನ ಮರಳಿದ ದಿಕ್ಕಿಗೇ.

ದಾರಿಯ ಬಹುಪಾಲು ಏರಿಯ ಮೇಲೆ ಅಥವಾ ಅದರ ಬುಡದಲ್ಲಿ ಸಾಗುತ್ತದೆ. ನಮ್ಮ ಕೆರೆ ಏರಿಯಂಥದ್ದೇ, ಆದರೆ ನೂರಾರು ಕಿಲೋಮೀಟರು ಉದ್ದದ್ದು. ಪ್ರವಾಹ ತಡೆಯಲು ಮಧ್ಯಯುಗದಿಂದಲೂ ಕಟ್ಟುತ್ತ, ಎತ್ತರಿಸುತ್ತ ಬಂದಿದ್ದಾರೆ. ಆದರೂ 1846, 1856, 1866ರಲ್ಲಿ ನೆರೆ ಇವನ್ನು ಒಡೆದು ನುಗ್ಗಿತು. ಹಳೆಯ ಗೋಡೆಗಳ ಮೇಲೆ ನೀರು ಬಂದ ಮಟ್ಟವನ್ನು ಗೆರೆ ಕೊರೆದು, ಇಸವಿ ಬರೆದು ಗುರುತಿಸಿರುವುದನ್ನು ಇಂದಿಗೂ ನೋಡಬಹುದು. ಸೊಮ್ಯುರ್ ಬಳಿ ಬಂಡೆಯಲ್ಲೇ ಕೊರೆದ ಮನೆಗಳಿವೆ. ಇಲ್ಲಿನ ಮೆದುವಾದ ಬಿಳಿ ಸುಣ್ಣಗಲ್ಲನ್ನು ಅರಮನೆಗಳಿಗಾಗಿ ಕಡಿದು ದೋಣಿಗೇರಿಸಿ ಸಾಗಿಸಿದರು. ಉಳಿದ ಗವಿಗಳಲ್ಲಿ ಜನ ಸಂಸಾರ ಹೂಡಿದರು. ವೈನ್ ಇಟ್ಟರು, ಅಣಬೆ ಬೆಳೆದರು. 1843ರಲ್ಲಿ ಪ್ಯಾರಿಸ್ಸಿನಿಂದ ಓರ್ಲೆಯಾಂಗೆ, 1846ರಲ್ಲಿ ತೂರ್ ನಗರಕ್ಕೆ ರೈಲು ಬಂದ ಮೇಲೆ ನದಿಯ ದೋಣಿ ವ್ಯಾಪಾರ ಕಳೆಗುಂದುತ್ತ ಹೋಯಿತು. ಇವತ್ತು ಅದೇ ರೈಲು ಮಾರ್ಗ ಸೈಕಲ್ ಸವಾರರಿಗೆ ದೊಡ್ಡ ಆಸರೆ. ಮಳೆ ಹಿಡಿದರೆ, ಮೊಣಕಾಲು ನೊಂದರೆ, ಹತ್ತಿರದ ನಿಲ್ದಾಣಕ್ಕೆ ಹೋಗಿ ಮುಂದಿನ ಊರಿಗೆ ರೈಲು ಹತ್ತಬಹುದು. ಹೆಚ್ಚಿನ ಪ್ರಾಂತೀಯ ರೈಲುಗಳಲ್ಲಿ ಸೈಕಲ್ಲಿಗೆ ಜಾಗವಿರುತ್ತದೆ. ಜಾಗ ಕಡಿಮೆಯಾದ್ದರಿಂದ ಬೇಸಗೆಯಲ್ಲಿ ಮುಂಚೆಯೇ ವಿಚಾರಿಸಿ ಕಾಯ್ದಿರಿಸುವುದು ಒಳ್ಳೆಯದು.

ಸೈಕಲ್ಲನ್ನು ಇಲ್ಲಿಂದ ವಿಮಾನದಲ್ಲಿ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ಒಂದು ಊರಿನಲ್ಲಿ ಬಾಡಿಗೆಗೆ ಪಡೆದು ಇನ್ನೊಂದು ಊರಿನಲ್ಲಿ ಬಿಡಲು ಒಪ್ಪುವ ಅಂಗಡಿಗಳು ಈ ದಾರಿಯಲ್ಲಿವೆ. ತಂಗಲು ಜಾಗ ಹುಡುಕುವಾಗ 'ಅಕ್ಯೂಯ್ ವೆಲೋ' ಎಂಬ ಫಲಕವಿರುವ ಮನೆ, ಹೋಟೆಲುಗಳನ್ನು ನೋಡಿ. ಅವು ದಾರಿಯಿಂದ ಐದು ಕಿಲೋಮೀಟರಿನೊಳಗೆ ಇರುತ್ತವೆ. ಸೈಕಲ್ಲನ್ನು ಭದ್ರವಾಗಿಡಲು ಜಾಗ, ರಿಪೇರಿ ಸಾಮಾನು ಎರಡನ್ನೂ ಒದಗಿಸುತ್ತವೆ.

ದಿನಕ್ಕೆ ಎಷ್ಟು ದೂರ? ನಿತ್ಯ ಸೈಕಲ್ ತುಳಿಯುವವರಿಗೆ ಎಪ್ಪತ್ತು, ಎಂಬತ್ತು ಕಿಲೋಮೀಟರು ಕಷ್ಟವಲ್ಲ. ಆದರೆ ಈ ದಾರಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ ನೋಡಬೇಕಾದುದು ತಪ್ಪಿಹೋಗುತ್ತದೆ. ಆಂಬ್ವಾಸ್ ಊರನ್ನೇ ತೆಗೆದುಕೊಳ್ಳಿ. ಲಿಯೊನಾರ್ಡೊ ಡ ವಿಂಚಿ ತನ್ನ ಕೊನೆಯ ದಿನಗಳನ್ನು ಕಳೆದು 1519ರ ಮೇ 2ರಂದು ಕಣ್ಣುಮುಚ್ಚಿದ ಮನೆ ಅಲ್ಲಿದೆ. ಅಲ್ಲಿಂದ ಕಾಡಿನ ಅಂಚಿನಲ್ಲಿ ತೆಂಕಣಕ್ಕೆ ಒಂದು ಗಂಟೆ ತುಳಿದರೆ ಶೆನೊನ್ಸೋ ಅರಮನೆ, ಶೇರ್ ನದಿಯ ಮೇಲೆಯೇ ಸೇತುವೆಯಂತೆ ಚಾಚಿಕೊಂಡು ನಿಂತಿದೆ. ದೊರೆಯೊಬ್ಬನ ಪ್ರೇಯಸಿ ದಿಯಾನ್ ದ ಪ್ವಾತ್ಯೆ ಸೇತುವೆ ಕಟ್ಟಿಸಿದಳು. ಅವಳನ್ನು ಹೊರಹಾಕಿದ ರಾಣಿ ಕ್ಯಾಥರೀನ್ ದ ಮೆದಿಚಿ ಅದರ ಮೇಲೆ ಉದ್ದನೆಯ ಹಜಾರ ಎಬ್ಬಿಸಿದಳು. ಮೊದಲ ಮಹಾಯುದ್ಧದಲ್ಲಿ ಆ ಹಜಾರ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಇದೇ ಶೇರ್ ನದಿ ಜರ್ಮನರು ಆಕ್ರಮಿಸಿದ ಭಾಗಕ್ಕೂ ಉಳಿದ ಫ್ರಾನ್ಸಿಗೂ ನಡುವಿನ ಗಡಿ. ಒಂದು ಬಾಗಿಲು ಆಕ್ರಮಿತ ನೆಲಕ್ಕೆ, ಇನ್ನೊಂದು ಬಾಗಿಲು ಆಚೆಗೆ. ತಲೆತಪ್ಪಿಸಿಕೊಂಡವರು ಈ ಹಜಾರ ದಾಟಿ ಜೀವ ಉಳಿಸಿಕೊಂಡರು. ಇಂಥ ಜಾಗದಲ್ಲಿ ಗಡಿಯಾರ ನೋಡಿಕೊಂಡು ಓಡುವಂತಾಗಬಾರದು. ಆಂಬ್ವಾಸಿನಲ್ಲಿ ಎರಡು ರಾತ್ರಿ ಇರಿ.

ಶಾಂಬೋರ್ ಅರಮನೆಗೂ ಹೀಗೆಯೇ ಅರ್ಧ ದಿನ ಮೀಸಲಿಡಿ. 1519ರಲ್ಲಿ ಫ್ರಾನ್ಸ್ವಾ ದೊರೆ ಬೇಟೆಗೆಂದು ಕಟ್ಟಿಸಲು ತೊಡಗಿದ್ದು. ಸುತ್ತಲಿನ ಕಾಡಿಗೆ 32 ಕಿಲೋಮೀಟರು ಉದ್ದದ ಗೋಡೆ. ಒಳಗೆ ಒಂದರೊಳಗೊಂದು ಹೆಣೆದುಕೊಂಡ ಎರಡು ಮೆಟ್ಟಿಲ ಸಾಲುಗಳಿವೆ: ಹತ್ತುವವರು ಇಳಿಯುವವರನ್ನು ಕಿಂಡಿಯಿಂದ ಕಾಣುತ್ತಾರೆ, ಎದುರಾಗುವುದಿಲ್ಲ. ಇಷ್ಟೆಲ್ಲ ಕಟ್ಟಿಸಿದ ದೊರೆ ಅಲ್ಲಿ ಉಳಿದ ದಿನಗಳನ್ನೆಲ್ಲ ಕೂಡಿಸಿದರೂ ಕೆಲವೇ ವಾರ.

ಊಟದ ಸಮಯ ನೆನಪಿಡಿ. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಊಟ ಸಿಗುತ್ತದೆ. ಆಮೇಲೆ ರಾತ್ರಿ ಏಳರ ತನಕ ಅಡಿಗೆಮನೆ ಮುಚ್ಚಿರುತ್ತದೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಅಂಗಡಿಗಳೇ ಮುಚ್ಚಿರುವ ಊರುಗಳು ಬಹಳ. ಶಾಕಾಹಾರಿಗಳು ಬೆಳಿಗ್ಗೆಯೇ ಬ್ರೆಡ್ಡು, ಚೀಸ್, ಹಣ್ಣು ಕೊಂಡು ಚೀಲದಲ್ಲಿಟ್ಟುಕೊಳ್ಳಲಿ. ವಾರದ ಸಂತೆ ಸಿಕ್ಕಿದರೆ ಬಿಡಬೇಡಿ.

ರಸ್ತೆ ನಿಯಮ ಒಂದಿಷ್ಟು ಬೇರೆ. ವಾಹನಗಳು ಬಲಬದಿಯಲ್ಲಿ ಚಲಿಸುತ್ತವೆ. ಅದಕ್ಕಿಂತ ಮುಖ್ಯವಾದದ್ದು: ಬೇರೆ ಸೂಚನೆ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಗಲ್ಲಿಯಾಗಿದ್ದರೂ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ತುಳಿಯುವುದು ಅಪರಾಧ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಹಾಕಿಕೊಳ್ಳುವುದೇ ಲೇಸು. ರಾತ್ರಿ ಊರ ಹೊರಗೆ ಹೊಳೆಯುವ ಜಾಕೆಟ್ ತೊಡಬೇಕು.

ಇನ್ನು ಪ್ಯಾರಿಸ್. ಇಪ್ಪತ್ತು ವರ್ಷಗಳ ಹಿಂದೆ ಹೊರನಾಡಿನವರಿಗೆ ಅಲ್ಲಿ ಸೈಕಲ್ ತುಳಿಯಿರಿ ಎಂದು ಹೇಳಲು ಧೈರ್ಯ ಬರುತ್ತಿರಲಿಲ್ಲ. ನಗರ ಅಷ್ಟು ಬದಲಾಗಿದೆ. 2007ರಲ್ಲಿ ವೆಲಿಬ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು. ಸೆನ್ ನದಿಯ ಬಲದಂಡೆಯಲ್ಲಿ ಕಾರುಗಳು ಧಾವಿಸುತ್ತಿದ್ದ ರಸ್ತೆಯನ್ನು 2016ರಲ್ಲಿ ಮುಚ್ಚಿ ನಡೆಯುವವರಿಗೂ ಸೈಕಲ್ಲಿಗೂ ಬಿಟ್ಟುಕೊಟ್ಟರು. 2020ರಲ್ಲಿ ಲೂವ್ರ್ ಅರಮನೆಯ ಪಕ್ಕದ ರಿವೋಲಿ ಬೀದಿಯ ಬಹುಪಾಲು ಸೈಕಲ್ಲಿನದಾಯಿತು. 2021ರಿಂದ ನಗರದ ಬಹುತೇಕ ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರೇ ವೇಗದ ಮಿತಿ. ಇದನ್ನೆಲ್ಲ ವಿರೋಧಿಸಿದವರು ಕಡಿಮೆಯಿರಲಿಲ್ಲ. ನಗರಾಡಳಿತ ಹಿಂದೆ ಸರಿಯಲಿಲ್ಲ. ಒಂದು ನಗರ ಮನಸ್ಸು ಮಾಡಿದರೆ ಏನಾಗಬಹುದು ಎಂಬುದನ್ನು ಕಣ್ಣಾರೆ ನೋಡಲಿಕ್ಕಾದರೂ ಬೆಂಗಳೂರಿನವರು ಅಲ್ಲಿ ಸೈಕಲ್ ತುಳಿಯಬೇಕು.

ಬಾಡಿಗೆ ಸೈಕಲ್ಲನ್ನು ಓರ್ಲೆಯಾಂನಲ್ಲೇ ಬಿಟ್ಟು, ಪ್ಯಾರಿಸ್ಸಿನಲ್ಲಿ ವೆಲಿಬ್ ಬಳಸಿ. ಓರ್ಲೆಯಾಂ ರೈಲು ಬಂದು ನಿಲ್ಲುವ ಆಸ್ಟರ್ಲಿಟ್ಸ್ ನಿಲ್ದಾಣ ಸೆನ್ ದಂಡೆಯಲ್ಲೇ ಇದೆ. ಬೆಂಕಿಗೆ ತುತ್ತಾಗಿ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚು ಅಲ್ಲಿಂದ ಹತ್ತು ಹನ್ನೆರಡು ನಿಮಿಷದ ದಾರಿ. ನದಿದಂಡೆಯಲ್ಲಿ ನಡೆಯುವವರಿಗೇ ಮೊದಲ ಹಕ್ಕು, ನಿಧಾನಿಸಿ. ಹನ್ನೆರಡು ರಸ್ತೆಗಳು ಕೂಡುವ ವಿಜಯ ಕಮಾನಿನ ವೃತ್ತಕ್ಕೆ ಮಾತ್ರ ಸೈಕಲ್ ಇಳಿಸಬೇಡಿ, ಬಳಸಿ ಹೋಗಿ. ಮಂಗಳವಾರ ಲೂವ್ರ್ ಸಂಗ್ರಹಾಲಯಕ್ಕೆ ರಜೆ ಎಂಬುದನ್ನೂ ಗಮನದಲ್ಲಿಟ್ಟು ದಿನ ಗೊತ್ತುಮಾಡಿಕೊಳ್ಳಿ.

ಹೋಗಲು ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಜೂನ್ ನಡುವಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಜುಲೈ, ಆಗಸ್ಟಿನಲ್ಲಿ ಬಿಸಿಲೂ ಜನಸಂದಣಿಯೂ ಹೆಚ್ಚು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ, ತಂಗುವ ಜಾಗಗಳ ವಿವರ ಜೊತೆಗಿರಬೇಕು. ಬೇಸಗೆ ಹತ್ತಿರವಾದಂತೆ ಅರ್ಜಿ ಸಲ್ಲಿಸುವವರ ಸಾಲು ಬೆಳೆಯುತ್ತದೆ. ಮೇ ತಿಂಗಳಲ್ಲಿ ಲ್ವಾರ್ ದಂಡೆಯ ಮೇಲಿರಬೇಕು ಎಂದುಕೊಂಡವರು ಜನವರಿಯಲ್ಲೇ ಕಾಗದಪತ್ರ ಹೊಂದಿಸಿಕೊಳ್ಳಿ.