ಗೋಡೆಯ ಹೊರಗಿನ ಪುರಸೈವಾಕ್ಕಂ: ಒಂದು ಊರು ಹೇಗೆ ರೂಪುಗೊಳ್ಳುತ್ತೆ?

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ)

ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಬಂದವರಲ್ಲಿ ಹೆಚ್ಚಿನವರು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದಿರ್ತೀರಿ. ಸ್ಟೇಷನ್ ಪಕ್ಕದಲ್ಲೇ ಉತ್ತರಕ್ಕೆ ಹೋಗುವ ಒಂದು ರಸ್ತೆ ಇದೆ, ಹೆಸರು ವಾಲ್ ಟ್ಯಾಕ್ಸ್ ರೋಡ್. ಆ ಹೆಸರು ಬರೋದಕ್ಕೆ ಮೂಲ ಕಾರಣ ನಮ್ಮ ಮೈಸೂರಿನ ಹೈದರ್ ಅಲಿ. ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ನಾನಿರುವ ಪುರಸೈವಾಕ್ಕಂ ಇದೆ. ಇವತ್ತು ಈ ಒಂದು ಪ್ರದೇಶವನ್ನ ಇಟ್ಕೊಂಡು ಒಂದು ದೊಡ್ಡ ಪ್ರಶ್ನೆ ನೋಡೋಣ. ಒಂದು ಸಮಾಜ ಹೀಗೇ ಯಾಕೆ ಇದೆ? ಕಾರಣ ಭೂಗೋಳವಾ, ಯುದ್ಧವಾ, ವ್ಯಾಪಾರವಾ, ಅಸಮಾನತೆಯಾ?

ನಿಮ್ಮಲ್ಲಿ ಹಲವರು ಜಾರೆಡ್ ಡೈಮಂಡ್ ಅವರ ಗನ್ಸ್, ಜರ್ಮ್ಸ್ ಅಂಡ್ ಸ್ಟೀಲ್ ಓದಿರ್ತೀರಿ. 1997ರಲ್ಲಿ ಬಂದ ಪುಸ್ತಕ. ಖಂಡಗಳ ನಡುವಿನ ವ್ಯತ್ಯಾಸಕ್ಕೆ ಭೂಗೋಳ ದೊಡ್ಡ ಕಾರಣ ಅನ್ನೋದು ಅದರ ವಾದ. ಖಂಡಗಳ ಮಟ್ಟಕ್ಕೆ ಅದು ಸರಿ ಇರಬಹುದು. ಆದರೆ ಒಂದು ಬೀದಿಯ ಮಟ್ಟಕ್ಕೆ ಇಳಿದು ನೋಡಿದ್ರೆ ಕಥೆ ಬೇರೆ.

ಮದ್ರಾಸನ್ನೇ ತಗೊಳ್ಳಿ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಇಲ್ಲಿ ಜಾಗ ಸಿಕ್ಕಾಗ ಬಂದರು ಅನ್ನೋದೇ ಇರಲಿಲ್ಲ. ಅಲೆ ಜೋರು. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು, ಸರಕು ಮಸೂಲಾ ದೋಣಿಗಳಲ್ಲಿ ದಡಕ್ಕೆ ಬರಬೇಕು. ಭೂಗೋಳವೇ ಎಲ್ಲ ಅನ್ನೋದಾದ್ರೆ ಇಲ್ಲಿ ನಗರ ಹುಟ್ಟಲೇಬಾರದಿತ್ತು. ಹುಟ್ಟಿದ್ದು ಬಟ್ಟೆಯಿಂದ. ಸುತ್ತಮುತ್ತ ನೇಕಾರರಿದ್ದರು, ಒಳ್ಳೆ ಹತ್ತಿ ಬಟ್ಟೆ ಅಗ್ಗವಾಗಿ ಸಿಗ್ತಿತ್ತು. ಮುಂದೆ 1734ರಲ್ಲಿ ಕಂಪನಿ ಕೂವಂ ನದಿಯ ತಿರುವಿನಲ್ಲಿ ನೇಕಾರರಿಗಾಗಿಯೇ ಒಂದು ಊರು ಕಟ್ಟಿಸಿತು. ಅದೇ ಚಿಂತಾದ್ರಿಪೇಟೆ. ಚಿನ್ನ ತರಿ ಪೇಟ್ಟೈ, ಅಂದ್ರೆ ಸಣ್ಣ ಮಗ್ಗಗಳ ಪೇಟೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ಕಾಲದ ಎಸ್‌ಇಝಡ್.

ಪುರಸೈವಾಕ್ಕಂ ಆಗ ಹಳ್ಳಿ. ಪುರಸು ಅಂದ್ರೆ ನಮ್ಮ ಮುತ್ತುಗದ ಮರ, ಊರಿನ ಹೆಸರು ಅದರಿಂದ ಬಂತು ಅಂತ ಹೇಳ್ತಾರೆ. 1693ರಲ್ಲಿ ಎಗ್ಮೋರ್, ತೊಂಡಿಯಾರ್‌ಪೇಟೆಗಳ ಜೊತೆ ಈ ಹಳ್ಳಿಯೂ ಕಂಪನಿಯ ಕೈಗೆ ಬಂತು.

ಕೋಟೆಯ ಹತ್ತಿರ ಎರಡು ಪಟ್ಟಣ ಇದ್ದವು. ಬಿಳಿಯರದ್ದು ವೈಟ್ ಟೌನ್, ನಮ್ಮವರದ್ದು ಬ್ಲ್ಯಾಕ್ ಟೌನ್. ನಮ್ಮವರೊಳಗೂ ಗೆರೆ ಇತ್ತು. ಬಲಗೈ ಜಾತಿಗಳು, ಎಡಗೈ ಜಾತಿಗಳು. ಕರ್ನಾಟಕದವರಿಗೆ ಈ ಪದಗಳನ್ನ ವಿವರಿಸಬೇಕಿಲ್ಲ. ಯಾವ ಬೀದಿಯಲ್ಲಿ ಯಾರ ಮದುವೆ ಮೆರವಣಿಗೆ ಹೋಗಬೇಕು ಅನ್ನೋದಕ್ಕೆ 1707ರಲ್ಲಿ ದೊಡ್ಡ ಗಲಾಟೆ ಆಯ್ತು. ಕೊನೆಗೆ ಪೆದ್ದನಾಯಕನಪೇಟೆ ಬಲಗೈಯವರಿಗೆ, ಮುತ್ಯಾಲಪೇಟೆ ಎಡಗೈಯವರಿಗೆ ಅಂತ ಕಂಪನಿಯೇ ಬೀದಿ ಹಂಚಿತು. ಸಮಾಜದೊಳಗಿದ್ದ ಅಸಮಾನತೆ ಹೀಗೆ ನಗರದ ನಕ್ಷೆಗೂ ಇಳಿಯಿತು.

ಈಗ ಯುದ್ಧ. 1769ರ ಮಾರ್ಚ್‌ನಲ್ಲಿ ಹೈದರ್ ಅಲಿ ಸುಮಾರು 6,000 ಕುದುರೆ ಸವಾರರ ಜೊತೆ ಕಂಪನಿಯ ಸೈನ್ಯವನ್ನ ಹಿಂದೆ ಬಿಟ್ಟು ನೇರವಾಗಿ ಮದ್ರಾಸಿನ ಬಾಗಿಲಿಗೆ ಬಂದ. ಕಂಪನಿ ಒಪ್ಪಂದಕ್ಕೆ ಸಹಿ ಹಾಕಲೇಬೇಕಾಯ್ತು. ಆ ಭಯದಲ್ಲಿ ಬ್ಲ್ಯಾಕ್ ಟೌನ್ ಸುತ್ತ ಗಟ್ಟಿ ಗೋಡೆ ಎದ್ದಿತು. ಖರ್ಚನ್ನ ಒಳಗಿನ ಜನರಿಂದ ತೆರಿಗೆಯಾಗಿ ಎತ್ತಬೇಕು ಅಂತ ಯೋಚನೆ ಮಾಡಿದ್ರು. ತೆರಿಗೆ ನಿಂತುಹೋಯ್ತು, ರಸ್ತೆಗೆ ಹೆಸರು ಮಾತ್ರ ಉಳೀತು.

ಗಮನಿಸಿ, ಪುರಸೈವಾಕ್ಕಂ ಆ ಗೋಡೆಯ ಹೊರಗೆ. 1780ರಲ್ಲಿ ಹೈದರ್ ಮತ್ತೆ ದಂಡೆತ್ತಿ ಬಂದಾಗ ಗೋಡೆಯ ಒಳಗಿದ್ದವರಿಗೆ ರಕ್ಷಣೆ ಇತ್ತು, ಹೊರಗಿನ ಹಳ್ಳಿಗಳಿಗೆ ಇರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮೈಸೂರಿನ ಭಯ ಹೋದ ಮೇಲೆ ಲೆಕ್ಕವೇ ತಿರುಗಿಬಿಡ್ತು. ಅಪಾಯ ಅಂತಿದ್ದ ಹೊರಗಿನ ಜಾಗ ಈಗ ಹವಾ ಚೆನ್ನಾಗಿರೋ ಜಾಗ. ಎಗ್ಮೋರ್, ವೇಪೇರಿ, ಪುರಸೈವಾಕ್ಕಂ, ಕಿಲ್ಪಾಕ್ ಕಡೆ ಶ್ರೀಮಂತರ ತೋಟದ ಬಂಗಲೆಗಳು ಹೆಚ್ಚಾದವು. ನೆಲ ಅದೇ, ಮಣ್ಣು ಅದೇ, ಬೆಲೆ ಮಾತ್ರ ಬೇರೆ. ನಾನೂರು ಚಿಲ್ಲರೆ ಕಿಲೋಮೀಟರ್ ದೂರದ ಕಾವೇರಿ ದಡದಲ್ಲಿ ನಡೆದ ಯುದ್ಧ ಇಲ್ಲಿನ ರಿಯಲ್ ಎಸ್ಟೇಟ್ ಬದಲಾಯಿಸಿತು.

ಇನ್ನು ಕೈಗಾರಿಕೆ. ಪುರಸೈವಾಕ್ಕಂ ಪಕ್ಕದ ಪೆರಂಬೂರಿನಲ್ಲಿ 1870–80ರ ದಶಕಗಳಲ್ಲಿ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್‌ಗಳು ಬಂದವು. ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಕೊಟ್ಟಿದ್ದೂ ಇದೇ ಬಿನ್ನಿ. ಕೈಮಗ್ಗ ಸೊರಗಿದ ನಾಡಿನಲ್ಲಿ ಸೈನ್ಯಕ್ಕೆ ಖಾಕಿ ನೇಯುವ ದೊಡ್ಡ ಮಿಲ್. ಮೊದಲ ಮಹಾಯುದ್ಧದ ಹೊತ್ತಿಗೆ ಎಲ್ಲದರ ಬೆಲೆ ಏರಿತು, ಕೂಲಿ ಅಷ್ಟು ಏರಲಿಲ್ಲ. ಮಧ್ಯಾಹ್ನ ಊಟಕ್ಕೆ ಸಾಕಷ್ಟು ಸಮಯ ಕೊಡಲ್ಲ ಅನ್ನೋದೂ ದೊಡ್ಡ ದೂರಾಗಿತ್ತು. 1918ರ ಏಪ್ರಿಲ್‌ನಲ್ಲಿ ಈ ಕಾರ್ಮಿಕರು ಕಟ್ಟಿದ್ದೇ ಮದ್ರಾಸ್ ಲೇಬರ್ ಯೂನಿಯನ್. ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲಿ ಒಂದು. ಬಿ.ಪಿ. ವಾಡಿಯಾ ಅಧ್ಯಕ್ಷರು, ತಮಿಳು ವಿದ್ವಾಂಸ ತಿರು.ವಿ.ಕ. ಅವರೂ ಜೊತೆಗಿದ್ದರು.

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. 1921ರಲ್ಲಿ ದೊಡ್ಡ ಮುಷ್ಕರ ನಡೆಯಿತು. ಸವರ್ಣ ಹಿಂದೂಗಳು, ಮುಸ್ಲಿಮರು ಕೆಲಸ ನಿಲ್ಲಿಸಿದರು. ಆದಿದ್ರಾವಿಡ, ಅಂದ್ರೆ ದಲಿತ ಕಾರ್ಮಿಕರಲ್ಲಿ ಬಹಳಷ್ಟು ಜನ ಎಂ.ಸಿ. ರಾಜಾ ಅವರ ಮಾತಿನಂತೆ ಕೆಲಸಕ್ಕೆ ಹೋದರು. ಅವರನ್ನ ಕಪ್ಪುಕುರಿ ಅಂತ ಬೈಯೋದು ಸುಲಭ. ಆದರೆ ಯೋಚಿಸಿ. ಕೈಯಲ್ಲಿ ಉಳಿತಾಯ ಇಲ್ಲ, ಹೊಲ ಇಲ್ಲ. ದಿನಾ ದೂರ ಇಡೋ ಜನ ಮುಷ್ಕರದ ದಿನ ಮಾತ್ರ "ನಾವೆಲ್ಲ ಒಂದೇ" ಅಂದ್ರೆ ನಂಬೋದು ಹೇಗೆ? ಪುಳಿಯಾಂತೋಪಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಎರಡೂ ಕಡೆ ಹೊಡೆದಾಟ ಬೆಳೀತು. ಆಗಸ್ಟ್‌ನಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಅಕ್ಟೋಬರ್ ಹೊತ್ತಿಗೆ ಮುಷ್ಕರ ಸೋತು ಮುಗೀತು. ಆ ಸಂಘವನ್ನ ಒಡೆಯೋದು ಮಿಲ್ ಮಾಲೀಕರಿಗೆ ಸುಲಭವಾಯ್ತು, ಯಾಕಂದ್ರೆ ಬಿರುಕು ಮೊದಲೇ ಇತ್ತು.

ಇದನ್ನೆಲ್ಲ ನಮಗ್ಯಾಕೆ ಹೇಳ್ತೀಯಪ್ಪ ಅಂತ ಕೇಳಬಹುದು. ಓಎಂಆರ್ ಕಡೆ ಹೋಗೋಣ. ಚೆನ್ನೈನ ಐಟಿ ಕಾರಿಡಾರ್ ಅದೇ. ತೊರೈಪಾಕ್ಕಂನಲ್ಲಿ ಆಫೀಸುಗಳ ಹತ್ತಿರವೇ ಕಣ್ಣಗಿ ನಗರ ಇದೆ. ಸುಮಾರು 2000ದಿಂದ ಸರ್ಕಾರ ಕೂವಂ ದಡದಲ್ಲಿದ್ದವರನ್ನ, ನಗರದೊಳಗಿನ ಇನ್ನೂ ಹಲವು ಗುಡಿಸಲು ಪ್ರದೇಶಗಳವರನ್ನ ತಂದು ಇಲ್ಲಿ ಇಟ್ಟಿತು. ಆಮೇಲೆ ಸೆಮ್ಮಂಚೇರಿ, ಪೆರುಂಬಾಕ್ಕಂ. ನಗರದ ಮಧ್ಯೆ ಮನೆಗೆಲಸ, ಮೀನು ಮಾರಾಟ, ಕೂಲಿ ಮಾಡ್ತಿದ್ದವರಿಗೆ ಕೆಲಸ ದೂರ, ಮಕ್ಕಳಿಗೆ ಶಾಲೆ ದೂರ. ಕಣ್ಣಗಿ ನಗರ ಅಂತ ವಿಳಾಸ ಹೇಳಿದ್ರೆ ಕೆಲಸ ಕೊಡಲ್ಲ ಅಂತ ಅಲ್ಲಿನ ಹುಡುಗರು ಹೇಳಿಕೊಂಡಿದ್ದು ಪತ್ರಿಕೆಗಳಲ್ಲಿ ಬಂದಿದೆ. ಬೆಂಗಳೂರಿನವರೂ ಹೆಮ್ಮೆ ಪಡಬೇಕಿಲ್ಲ. 2013ರ ಜನವರಿಯಲ್ಲಿ ಕೋರಮಂಗಲದ ಪಕ್ಕ ಈಜಿಪುರದಲ್ಲಿ ಬಡವರ ಮನೆಗಳನ್ನ ಕೆಡವಿದ್ದು ನೆನಪಿರಬಹುದು.

ನಾವೂ ವಲಸೆ ಬಂದವರು, ಅವರೂ ವಲಸೆ ಬಂದವರು. ಆದರೆ ನಮ್ಮ ಕೈಯಲ್ಲಿ ಆಫರ್ ಲೆಟರ್ ಇತ್ತು, ಅವರ ಕೈಯಲ್ಲಿ ಎತ್ತಂಗಡಿ ಆದೇಶ.

ನಾನು ಹೇಳೋಕೆ ಹೊರಟಿದ್ದು ಇಷ್ಟೇ. ಸಮುದ್ರ, ನದಿ, ಮಳೆ ಇವನ್ನ ನಾವು ಆರಿಸಿಕೊಳ್ಳಲ್ಲ. ಆದರೆ ಗೋಡೆ ಎಲ್ಲಿ ಕಟ್ಟಬೇಕು, ಬೀದಿ ಯಾರಿಗೆ, ಯಾರನ್ನ ಊರಾಚೆ ಕಳಿಸಬೇಕು ಅನ್ನೋದನ್ನ ಮನುಷ್ಯರೇ ತೀರ್ಮಾನ ಮಾಡಿದ್ದಾರೆ. ಹಳೇ ಲೆಗಸಿ ಕೋಡ್ ಹಾಗೆ, ಬರೆದವರು ಹೋದ ಮೇಲೂ ಅದು ಓಡ್ತಾನೇ ಇರುತ್ತೆ. ಮನುಷ್ಯರು ಬರೆದಿದ್ದು ಅಂದ ಮೇಲೆ ತಿದ್ದೋಕೂ ಆಗುತ್ತೆ.

ಮೊದಲ ಹೆಜ್ಜೆ ಚಿಕ್ಕದು. ನಿಮ್ಮ ಆಫೀಸಿನಲ್ಲಿ ಹೌಸ್‌ಕೀಪಿಂಗ್ ಮಾಡೋ ಅಕ್ಕ ಎಲ್ಲಿಂದ ಬರ್ತಾರೆ, ಅಲ್ಲಿಗೆ ಯಾವಾಗ, ಯಾಕೆ ಹೋದ್ರು ಅಂತ ಒಂದು ದಿನ ಕೇಳಿ ನೋಡಿ. ತಮಿಳು ಅರ್ಧಂಬರ್ಧ ಬಂದ್ರೂ ಸಾಕು. ಕಂಪನಿಯಲ್ಲಿ ಗುತ್ತಿಗೆ ನೌಕರರ ಕೂಲಿ, ಬಸ್ಸು, ಊಟದ ಸಮಯದ ಮಾತು ಬಂದಾಗ, ಅದು ನಮಗೆ ಸಂಬಂಧವಿಲ್ಲದ ವಿಷಯ ಅಂತ ಸುಮ್ಮನಿರಬೇಡಿ. 1918ರಲ್ಲಿ ಪೆರಂಬೂರಿನವರು ಕೇಳಿದ್ದೂ ಊಟದ ಸಮಯವನ್ನೇ.