ಖಾಲಿ ಕುರ್ಚಿಯೂ ಕೈಯೊಳಗಿನ ಬೆತ್ತವೂ

(ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರದ ಶಿಕ್ಷಕರು ಕೂಡಿ ನಡೆಸಿದ ಚರ್ಚೆಯ ಕೊನೆಗೆ ನಿವೃತ್ತ ಮಾಸ್ತರರೊಬ್ಬರು ಪಾಲಕರನ್ನು ಉದ್ದೇಶಿಸಿ ಆಡಿದ ಮಾತು)

ಗಿರಣಿಯ ಸಂಗಾತಿಗಳೇ, ಅಂಗಡಿಕಾರ ಬಂಧುಗಳೇ, ತಾಯಂದಿರೇ,

ಇಂದು ಮುಂಜಾನೆಯಿಂದ ನಾವು ಮಾಸ್ತರರೂ ಅಕ್ಕೋರೂ ಕೂಡಿ ವಾದ ಮಾಡಿದ್ದೇವೆ. ಹಲವು ಸಲ ದನಿ ಏರಿತು. ನೀವು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದಿರಿ. ಇದು ಮಾಸ್ತರರ ಮನೆಜಗಳ, ನಮಗೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಹಾಗಲ್ಲ. ಜಗಳ ನಮ್ಮದಾದರೂ ಕೂಸು ನಿಮ್ಮದು.

ಈ ಊರು ವಿದ್ಯೆಗಾಗಿ ಇನ್ನೊಬ್ಬರ ದಾರಿ ಕಾಯುತ್ತ ಕುಳಿತ ಊರಲ್ಲ. ಫ. ಗು. ಹಳಕಟ್ಟಿಯವರೂ ಅವರ ಸಂಗಡಿಗರೂ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದಾಗ ಈ ಜಿಲ್ಲೆ ಮುಂಬಯಿ ಪ್ರಾಂತದ ಒಂದು ಮೂಲೆ. ಆಳುವವರು ಕಡೆಗಣಿಸಿದ್ದನ್ನು ಜನರೇ ಹೆಗಲಿಗೆ ತೆಗೆದುಕೊಂಡರು. ಅಂದು ಸಾಲೆಯಿಲ್ಲದ ಕಡೆ ಜನ ಸಾಲೆ ಕಟ್ಟಿದರು. ಇಂದು ಸಾಲೆಯಿದೆ, ಅದರೊಳಗೆ ಮಾಸ್ತರನಿಲ್ಲ.

ನೀತಿಗಳಿಗೇನೂ ಬರವಿಲ್ಲ. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವೆಂದು ನಮ್ಮ ರಾಜ್ಯ ಸಾರಿತು. ಸರಕಾರ ಬದಲಾಯಿತು, 2023ರಲ್ಲಿ ಸುಖದೇವ ಥೋರಟ್ ಅವರ ಆಯೋಗ ನೇಮಕವಾಯಿತು, 2025ರ ಆಗಸ್ಟಿನಲ್ಲಿ ವರದಿ ಬಂತು. ಎರಡೇ ಭಾಷೆ ಸಾಕು, ಕನಿಷ್ಠ 5ನೇ ಇಯತ್ತೆಯವರೆಗೆ ಕನ್ನಡ ಅಥವಾ ತಾಯ್ನುಡಿಯಲ್ಲಿ ಪಾಠ ನಡೆಯಲಿ ಎಂದು ಆ ವರದಿ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಕನ್ನಡದಲ್ಲಿಯಾಗಲಿ ಇಂಗ್ಲೀಷಿನಲ್ಲಿಯಾಗಲಿ, ಪಾಠ ಹೇಳಲು ಒಬ್ಬ ಮನುಷ್ಯ ಬೇಕಲ್ಲವೇ?

2009ರ ಶಿಕ್ಷಣ ಹಕ್ಕು ಕಾನೂನು ಕಿರಿಯ ಇಯತ್ತೆಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು ಲೆಕ್ಕ ಹಾಕಿದೆ. 60 ಮಕ್ಕಳವರೆಗೆ ಇಬ್ಬರು. ಈ ಲೆಕ್ಕ ತಲೆ ಎಣಿಸುತ್ತದೆಯೇ ಹೊರತು ಇಯತ್ತೆ ಎಣಿಸುವುದಿಲ್ಲ. ಒಂದು ತಾಂಡಾದ ಸಾಲೆಯಲ್ಲಿ 1ರಿಂದ 5ನೇ ಇಯತ್ತೆಯವರೆಗೆ 40 ಮಕ್ಕಳಿದ್ದರೆ ಅವರಿಗೆ ಇಬ್ಬರೇ ಶಿಕ್ಷಕರು. ಇಬ್ಬರಲ್ಲಿ ಒಂದು ಜಾಗ ಖಾಲಿ ಬಿದ್ದರೆ ಐದು ಇಯತ್ತೆಗೂ ಒಬ್ಬನೇ. ಆತ ಅಕ್ಷರದಾಸೋಹದ ಅಕ್ಕಿಬೇಳೆಯ ಲೆಕ್ಕ ಬರೆಯಬೇಕು, ಮೀಟಿಂಗಿಗೆ ತಾಲೂಕಿಗೆ ಓಡಬೇಕು. ಆತ ಹೊರಬಿದ್ದ ದಿನ ಸಾಲೆಗೆ ಸಾಲೆಯೇ ಬಂದ್.

ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು ಅದೇ ಕಾನೂನು ಕಟ್ಟಪ್ಪಣೆ ಮಾಡಿದೆ. ತುಂಬುವ ಕೆಲಸ ಹೇಗೆ ನಡೆಯುತ್ತದೆ ನೋಡಿರಿ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಯಿತು. ಲಗ್ನವಾದ ಹೆಣ್ಣುಮಗಳ ಜಾತಿ-ಆದಾಯದ ಪತ್ರ ತಂದೆಯ ಹೆಸರಿನದಾಗಬೇಕೋ ಗಂಡನ ಹೆಸರಿನದಾಗಬೇಕೋ ಎಂಬ ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಅದು ಬಗೆಹರಿದು ಆದೇಶ ಕೈಸೇರುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಆ ಹೆಣ್ಣುಮಕ್ಕಳ ತಪ್ಪೇನು? ಆ ವರ್ಷ 6ನೇ ಇಯತ್ತೆಯಲ್ಲಿ ಕುಳಿತ ಹುಡುಗನ ತಪ್ಪೇನು?

ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರನ್ನು ಕರೆಯುತ್ತಾರೆ. ಪ್ರಾಥಮಿಕ ಸಾಲೆಯ ಅತಿಥಿಗೆ ತಿಂಗಳಿಗೆ 10,000 ರೂಪಾಯಿ ಇತ್ತು. 2025ರ ಮುಂಗಡಪತ್ರದಲ್ಲಿ 2,000 ಏರಿಸಿದರು. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 460 ರೂಪಾಯಿ ಆಸುಪಾಸು. ಡಿ.ಎಡ್., ಬಿ.ಎಡ್. ಓದಿದವರಿಗೆ ಇದು ಕೂಲಿಯೋ ಪಗಾರವೋ ನೀವೇ ಹೇಳಿರಿ. ಬದಲಿ ಕೂಲಿ ಎಂದರೆ ಏನೆಂದು ಗಿರಣಿಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಖಾಯಂ ಇರುತ್ತದೆ, ಕೆಲಸಗಾರ ಮಾತ್ರ ಖಾಯಂ ಅಲ್ಲ.

ಇಂದು ಬಿಸಿಬಿಸಿ ವಾದ ನಡೆದದ್ದು ಟಿ.ಇ.ಟಿ. ಪರೀಕ್ಷೆಯ ಮೇಲೆ. ಸೇವೆ ಐದು ವರ್ಷಕ್ಕಿಂತ ಹೆಚ್ಚು ಉಳಿದ ಶಿಕ್ಷಕರು ಎರಡು ವರ್ಷದೊಳಗೆ ಈ ಪರೀಕ್ಷೆ ಪಾಸಾಗಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ 1ರಂದು ತೀರ್ಪಿತ್ತಿದೆ. ಇಪ್ಪತ್ತು ವರ್ಷ ಕಲಿಸಿದ ನಮಗೆ ಇದು ಅವಮಾನವೆಂದು ಹಿರಿಯರು ಹೇಳಿದರು. ನಾವು ಪಾಸಾಗಿ ಬಂದೆವು, ನಿಮಗೇಕೆ ಅಂಜಿಕೆ ಎಂದು ಕಿರಿಯರು ಕೇಳಿದರು. ನಮ್ಮ ಅಭಿಪ್ರಾಯವಿಷ್ಟು: ಮಾಸ್ತರನೂ ಕಲಿಯುತ್ತಲೇ ಇರಬೇಕು, ಪರೀಕ್ಷೆಗೆ ಅಂಜಬಾರದು. ಆದರೆ ಮಾಸ್ತರನಿಗೆ ಎರಡು ವರ್ಷದ ಗಡುವು ಇದ್ದರೆ, ನೂರಕ್ಕೆ ಹತ್ತರ ಗಡಿ ಮೀರಿದ ಸರಕಾರಕ್ಕೆ ಯಾವ ಪರೀಕ್ಷೆ, ಯಾವ ಗಡುವು?

ಇನ್ನು ಬೆತ್ತದ ಮಾತು. ಕಾನೂನಿನ 17ನೇ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಬೆತ್ತ ಹೋದ ಮೇಲೆ ಹುಡುಗರಿಗೆ ಅಂಜಿಕೆ ಹೋಯಿತು, ಸಾಲೆಯೊಳಗೆ ಮೊಬೈಲ್ ಬಂತು, ಗದರಿಸಿದರೆ ಪಾಲಕರೇ ಜಗಳಕ್ಕೆ ಬರುತ್ತಾರೆ ಎಂದು ಹಲವರು ಸಂಕಟ ತೋಡಿಕೊಂಡರು. ಅವರ ಸಂಕಟ ಸುಳ್ಳಲ್ಲ. ಆದರೂ ನಾವೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು.

ನಾವು ನಾಲ್ಕು ಇಯತ್ತೆಗೆ ಒಬ್ಬರೇ ಇದ್ದ ಕಾಲ. ಒಬ್ಬ ಹುಡುಗ ದಿನಾಲು ತಡವಾಗಿ ಬರುತ್ತಿದ್ದ. ಒಂದು ದಿನ ಸಿಟ್ಟಿಗೆದ್ದು ಅಂಗೈ ಬಾಯುವ ಹಾಗೆ ಹೊಡೆದೆವು. ಮರುದಿನ ಆತ ಬರಲಿಲ್ಲ, ಮುಂದೆಂದೂ ಬರಲಿಲ್ಲ. ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರೆಂದೂ, ಮುದುಕಿಗೂ ತಂಗಿಗೂ ನೀರು ತಂದಿಟ್ಟು ಆತ ಸಾಲೆಗೆ ಬರುತ್ತಿದ್ದನೆಂದೂ ಆಮೇಲೆ ತಿಳಿಯಿತು. ಎಷ್ಟೋ ವರ್ಷದ ನಂತರ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲನೊಬ್ಬ ಚೀಲ ಇಳಿಸಿ, “ಸರ, ನಮಸ್ಕಾರ್ರೀ” ಎಂದ. ಆತನೇ. ಹೊಡೆದ ಕೈಯಿಂದ ನಮಗೆ ಮರುನಮಸ್ಕಾರ ಮಾಡುವುದಾಗಲಿಲ್ಲ.

ಅಂದು ಯಾಕೆ ತಡ ಎಂದು ಕೇಳಲು ನಮಗೆ ಪುರಸೊತ್ತಿರಲಿಲ್ಲ. ನಾಲ್ಕು ಇಯತ್ತೆಯ ಗದ್ದಲ ಅಡಗಿಸಲು ಕೈಗೆ ಸಿಕ್ಕದ್ದು ಬೆತ್ತ. ಇದು ಕ್ಷಮೆಯಲ್ಲ, ಕಾರಣ. ಖಾಲಿ ಕುರ್ಚಿ ಇದ್ದಲ್ಲಿ ಬೆತ್ತಕ್ಕೆ ಕೆಲಸ ಹೆಚ್ಚು. ಶಿಸ್ತು ಬೇಕೆನ್ನುವವರು ಮೊದಲು ಮಾಸ್ತರರನ್ನು ಕೇಳಬೇಕು, ಬೆತ್ತವನ್ನಲ್ಲ.

ಆದುದರಿಂದ ಬಂಧುಗಳೇ, ಮೂರು ಕೆಲಸ ಮಾಡಿರಿ. ಸಾಲೆಯ ಎಸ್.ಡಿ.ಎಂ.ಸಿ. ನಿಮ್ಮದು, ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಕಾನೂನಿದೆ. ಒಂದು ಪಾಳಿ ತಪ್ಪಿದರೂ ಅದರ ಸಭೆ ತಪ್ಪಿಸಬೇಡಿರಿ. ಎರಡನೆಯದು, ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಎಂದು ಕೇಳಿ ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗೆ ಸಹಿಮಾಡಿದ ಅರ್ಜಿ ಕೊಡಿರಿ; ಪೋಚ್ ಪಡೆಯಿರಿ. ಮೂರನೆಯದು, ಮಗನನ್ನು ಸಾಲೆಗೆ ಬಿಡುವಾಗ “ಎರಡು ಹಾಕ್ರಿ ಸರ, ಬುದ್ಧಿ ಬರತೈತಿ” ಎನ್ನಬೇಡಿರಿ. ಮನೆಯ ಪರಿಸ್ಥಿತಿ ಹೇಳಿರಿ. ಅದು ನಮಗೆ ಗೊತ್ತಿದ್ದರೆ ಅರ್ಧ ಶಿಸ್ತು ತಾನೇ ಬರುತ್ತದೆ.

ಅಂಗಡಿಯ ತಕ್ಕಡಿ ತಪ್ಪಿದರೆ ಗಿರಾಕಿ ಕೇಳುತ್ತಾನೆ. ಹಾಜರಿ ತಪ್ಪಿದರೆ ಕಾರ್ಮಿಕ ಕೇಳುತ್ತಾನೆ. ಮಗುವಿನ ಪಾಲಿನ ಮಾಸ್ತರ ಕಡಿಮೆ ಬಿದ್ದರೆ ಮಗು ಕೇಳಲಾರದು. ಅದರ ಪರವಾಗಿ ನೀವು ಕೇಳಬೇಕು, ನಾವು ನಿಮ್ಮ ಸಂಗಡ ನಿಲ್ಲುತ್ತೇವೆ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ.