ಹೃದಯಾಘಾತದ ನಂತರ ಮನಸ್ಸಿಗೂ ಆರೈಕೆ ಬೇಕು

(ಉತ್ತರ ಬೆಂಗಳೂರಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದಿಂದ ಕೆಲಸ ಕಾರ್ಯ ಬಿಟ್ಟು ಬಂದಿದ್ದೀರಿ. ಇವತ್ತು ಉಳಿತಾಯ, ಸಾಲದ ಲೆಕ್ಕ ಸ್ವಲ್ಪ ಪಕ್ಕಕ್ಕಿಟ್ಟು ಬೇರೆ ಒಂದು ವಿಷಯ ಮಾತಾಡೋಣ. ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದವರ ಮನಸ್ಸಿನ ವಿಷಯ.

ಎದೆನೋವು ಬಂದರೆ ತಡಮಾಡಬಾರದು ಅಂತ ಈಗ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಯುವಕರೂ ಜಯದೇವ ಆಸ್ಪತ್ರೆಯಲ್ಲಿ ಸಾಲುಗಟ್ಟಿ ನಿಂತು ತಪಾಸಣೆ ಮಾಡಿಸಿಕೊಂಡರು. ಅವರ ಹೆಸರಿನಲ್ಲೇ ಸರ್ಕಾರ ‘ಹೃದಯಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲೂ ಇ.ಸಿ.ಜಿ. ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವುದು ಅದರ ಉದ್ದೇಶ. ಹೀಗೆ ಜೀವ ಉಳಿಸಲು ದಾರಿಗಳಿವೆ. ಆದರೆ ಉಳಿದ ಜೀವ ಮನೆಗೆ ಬಂದ ಮೇಲೆ ನೋಡಿಕೊಳ್ಳುವವರು ಯಾರು? ಹೆಚ್ಚಾಗಿ ನಾವೇ, ಹೆಣ್ಣುಮಕ್ಕಳು.

ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಪಕ್ಕದಲ್ಲೇ ಇರುತ್ತಾರೆ. ಮನೆಗೆ ಬಂದ ಮೊದಲ ರಾತ್ರಿಯಿಂದ ಭಯ ಶುರುವಾಗುತ್ತದೆ. ಎದೆ ಸ್ವಲ್ಪ ಹಿಡಿದರೂ ‘ಮತ್ತೆ ಬಂತಾ?’ ಅನ್ನಿಸುತ್ತದೆ. ನಿದ್ದೆ ಹತ್ತುವುದಿಲ್ಲ. ದುಡಿಯುತ್ತಿದ್ದ ಮನುಷ್ಯ ಸುಮ್ಮನೆ ಕೂತಿದ್ದಾರೆ, ಹೆಂಡತಿ ಗಾರ್ಮೆಂಟ್ಸ್ ಸಂಬಳದಲ್ಲಿ ಕಂತು ಕಟ್ಟುತ್ತಿದ್ದಾಳೆ. ಅದು ಒಳಗೆ ಚುಚ್ಚುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಸಿಡುಕುತ್ತಾರೆ. ‘ಇಷ್ಟೆಲ್ಲಾ ಮಾಡಿದ್ರೂ ಎಷ್ಟು ಕೋಪ ನೋಡಿ ಇವರಿಗೆ’ ಅಂತ ನಾವು ಬೇಜಾರಾಗುತ್ತೇವೆ. ಎಷ್ಟೋ ಸಲ ಆ ಕೋಪದ ಒಳಗಿರುವುದು ಹೆದರಿಕೆ.

ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಖಿನ್ನತೆ ಬಂದವರು ಮಾತ್ರೆ ಬಿಡುತ್ತಾರೆ, ನಡೆಯುವುದಿಲ್ಲ, ಮತ್ತೆ ಬೀಡಿ ಸಿಗರೇಟು ಹಿಡಿಯುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 222 ರೋಗಿಗಳನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಇದ್ದವರಲ್ಲಿ ಆರು ತಿಂಗಳೊಳಗಿನ ಸಾವು ಹೆಚ್ಚಾಗಿತ್ತು. ನಮ್ಮ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಬೈಪಾಸ್ ಆದ 300 ಜನರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆ ಯೋಗವನ್ನೂ ಕಲಿತವರಲ್ಲಿ ಒತ್ತಡ, ಆತಂಕ, ಖಿನ್ನತೆ ಹೆಚ್ಚು ಇಳಿದಿತ್ತು. ಅಂದರೆ ಮನಸ್ಸಿನ ಆರೈಕೆಯೂ ಚಿಕಿತ್ಸೆಯ ಒಂದು ಭಾಗ.

ಹಾಗಾದರೆ ಮನೆಯಲ್ಲಿ ನಾವೇನು ಮಾಡಬಹುದು?

1. ಎಲ್ಲವನ್ನೂ ಬಿಡಿಸಬೇಡಿ. ‘ಏಳ್ಬೇಡಿ, ಮೆಟ್ಟಿಲು ಹತ್ಬೇಡಿ’ ಅಂತ ದಿನವಿಡೀ ಅಂದರೆ ‘ನಾನು ಯಾತಕ್ಕೂ ಬೇಡವಾದೆ’ ಅಂದುಕೊಳ್ಳುತ್ತಾರೆ. ಡಾಕ್ಟರು ಹೇಳಿದಷ್ಟು ನಡೆಯಲಿ. ಜಕ್ಕೂರು ಕೆರೆಯ ದಂಡೆಯಾಗಲಿ, ನಿಮ್ಮ ಬೀದಿಯಾಗಲಿ, ನೀವೂ ಜೊತೆಗೆ ಹೋಗಿ. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು. ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತು ಬಂದರೆ ಕೂಡಲೇ ಕೂರಿಸಿ. ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ.

2. ಕೇಳಿಸಿಕೊಳ್ಳಿ. ‘ಏನೂ ಆಗಲ್ಲ, ಸುಮ್ನಿರಿ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ರಾತ್ರಿ ನಿದ್ದೆ ಬಂತಾ? ಯಾವುದಕ್ಕೆ ಹೆದರಿಕೆ ಆಗ್ತಿದೆ?’ ಅಂತ ಕೇಳಿ, ಹೇಳುವ ತನಕ ಕಾಯಿರಿ.

3. ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಬಹುದು. ದುಡ್ಡಿನ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಿ. ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ವಿಚಾರಿಸಿ.

4. ಕೆಲಸಕ್ಕೆ ಯಾವಾಗ ಹೋಗಬಹುದು, ಗಂಡ ಹೆಂಡಿರ ಸಂಬಂಧ ಮೊದಲಿನಂತೆ ಇರಬಹುದಾ ಅನ್ನುವುದನ್ನು ಸಂಕೋಚವಿಲ್ಲದೆ ಡಾಕ್ಟರನ್ನೇ ಕೇಳಿ. ಕೇಳದೆ ಉಳಿದ ಪ್ರಶ್ನೆಯೇ ಮನೆಯಲ್ಲಿ ಭಯವಾಗಿ ಕೂರುತ್ತದೆ.

5. ಬೇಸರ, ಅಳು, ನಿದ್ದೆಯಿಲ್ಲದಿರುವುದು ಎರಡು ವಾರ ದಾಟಿದರೆ ಹೃದಯದ ಡಾಕ್ಟರಿಗೇ ತಿಳಿಸಿ, ಆಪ್ತಸಮಾಲೋಚನೆ ಕೇಳಿ. ‘ಟೆಲಿ ಮಾನಸ್’ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಆಡಿದರೆ ಎರಡು ವಾರ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ತಕ್ಷಣ ಸಹಾಯ ಪಡೆಯಿರಿ.

ಸಹೋದರಿಯರೇ, ರೋಗಿ ಹೆಂಗಸೇ ಆದರೆ? ಡಿಸ್ಚಾರ್ಜ್ ಆದ ಮೂರನೇ ದಿನಕ್ಕೆ ಒಲೆ ಮುಂದೆ ನಿಂತಿರುತ್ತಾಳೆ. ‘ಸುಸ್ತು’ ಅಂದರೆ ‘ಎಲ್ಲರಿಗೂ ಇರೋದೇ’ ಅನ್ನುತ್ತಾರೆ. ಅವಳ ಭಯವನ್ನು ಕೇಳುವವರೇ ಇರುವುದಿಲ್ಲ. ಸಂಘ ಇರುವುದು ಇಂಥ ಹೊತ್ತಿಗೇ. ವಾರಕ್ಕೊಮ್ಮೆ ಇಬ್ಬರು ಸದಸ್ಯೆಯರು ಹೋಗಿ ಅರ್ಧ ಗಂಟೆ ಕೂತು ಬನ್ನಿ. ‘ನಮ್ಮ ಬೀದೀಲಿ ಒಬ್ಬರು ಹಿಂಗೇ ಹೋಗ್ಬಿಟ್ರು’ ಅನ್ನುವ ಕಥೆ ಮಾತ್ರ ಹೇಳಬೇಡಿ. ಒಂದು ಹೊತ್ತು ಉಪ್ಪು, ಎಣ್ಣೆ ಕಡಿಮೆ ಹಾಕಿದ ಅಡಿಗೆ ಒಯ್ಯಿರಿ. ಕಂತು ಕಟ್ಟಲು ಆಗದಿದ್ದರೆ ಅವರನ್ನು ಕೂಗಾಡಿಸದೆ, ಸಭೆಯಲ್ಲಿ ಮಾತಾಡಿ ಸಮಯ ಕೊಡಿ. ಸಾಲದ ಚಿಂತೆ ಇಳಿದರೆ ಎದೆಯ ಭಾರವೂ ಇಳಿಯುತ್ತದೆ. ರೋಗಿಯನ್ನು ನೋಡಿಕೊಳ್ಳುವವಳನ್ನೂ ‘ನೀನು ಊಟ ಮಾಡಿದ್ಯೇನಮ್ಮ?’ ಅಂತ ಕೇಳಿ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಬೈಬಲ್‌ನ ಒಳ್ಳೆಯ ಸಮಾರಿಯದವನ ಕಥೆ ಹಲವರು ಕೇಳಿದ್ದೀರಿ. ಅವನು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿ ಹೊರಟುಹೋಗಲಿಲ್ಲ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ, ಖರ್ಚಿಗೆ ದುಡ್ಡು ಕೊಟ್ಟ, ಮತ್ತೆ ಬರುತ್ತೇನೆ ಅಂದ. ಗಾಯ ಕಟ್ಟುವುದು ಆಸ್ಪತ್ರೆಯ ಕೆಲಸ. ಮತ್ತೆ ಹೋಗಿ ವಿಚಾರಿಸುವುದು ನಮ್ಮ ಕೆಲಸ.

ನಿಮ್ಮ ಸಂಘದಲ್ಲಿ ಅಂಥ ಮನೆ ಯಾವುದಿದೆ ಅಂತ ಇವತ್ತೇ ಯೋಚಿಸಿ, ಈ ವಾರವೇ ಹೋಗಿ ಬನ್ನಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.